ಹದಿಮೂರು ರೂಪಾಯಿ ಸಾಲ, ಒಂದಾಣೆ ಬಡ್ಡಿ

ಬೆಂಗಳೂರು ದಂಡಿನ ಗೋರಾ ಅಧಿಕಾರಿಗಳ ಕ್ಲಬ್ಬಿನ ಹಳೇ ಲೆಡ್ಜರೊಂದು ಇವತ್ತಿಗೂ ಜೋಪಾನವಾಗಿದೆ. 1899ನೇ ಇಸವಿ ಜೂನ್ 1ನೇ ತಾರೀಖಿನ ಪುಟದಲ್ಲಿ, ವಸೂಲಾಗದ ಬಾಕಿ ಅಂತ ಕೆಲವು ಸಾಹೇಬರ ಹೆಸರುಗಳನ್ನು ಬರೆದು ಲೆಕ್ಕದಿಂದ ಕೈಬಿಟ್ಟಿದ್ದಾರೆ. ಅವರಲ್ಲೊಬ್ಬ ಲೆಫ್ಟಿನೆಂಟ್ ಚರ್ಚಿಲ್. ಬಾಕಿ 13 ರೂಪಾಯಿ. ಆಮೇಲೆ ಇಂಗ್ಲೆಂಡಿನ ಪ್ರಧಾನಿಯಾದ ಅದೇ ಚರ್ಚಿಲ್. ಈಗ ಆ ಪುಟವನ್ನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾರೆ. ದೊಡ್ಡವರ ಸಾಲ ಬಾಕಿ ಉಳಿದರೆ ಅದು ಪ್ರದರ್ಶನದ ವಸ್ತು.

ಅದೇ ಕಾಲದಲ್ಲಿ ದಂಡಿನಿಂದ ಪೂರ್ವಕ್ಕೆ ಹತ್ತಿಪ್ಪತ್ತು ಮೈಲಿ ಆಚೆ ನಮ್ಮವರು ಮಾಡಿದ ಹದಿಮೂರು ರೂಪಾಯಿ ಸಾಲಗಳನ್ನು ಯಾರೂ ಕೈಬಿಡಲಿಲ್ಲ. ಅಪ್ಪ ತೀರಿಸದಿದ್ದರೆ ಮಗ, ಮಗ ತೀರಿಸದಿದ್ದರೆ ಮೊಮ್ಮಗ. ಹೆಬ್ಬೆಟ್ಟು ಒತ್ತಿದ ಕಾಗದ ಗೌಡನ ಪೆಟ್ಟಿಗೆಯಲ್ಲಿ, ಮೈ ಗೌಡನ ಹೊಲದಲ್ಲಿ. ಕಾನೂನು ಈ ಜೀತವನ್ನು ಅಪರಾಧ ಅಂತ ಕರೆಯೋದಕ್ಕೆ 1975ರ ಅಕ್ಟೋಬರ್ ಬರಬೇಕಾಯಿತು.

ಬ್ಯಾಂಕುಗಳ ಚರಿತ್ರೆ ಬರೆಯುವ ಪಂಡಿತರು 1935ರ ಏಪ್ರಿಲ್ 1ರ ಹತ್ತಿರ ಒಂದು ಗೆರೆ ಎಳೆಯುತ್ತಾರೆ. ಅವತ್ತು ರಿಸರ್ವ್ ಬ್ಯಾಂಕ್ ಹುಟ್ಟಿತು, ಅಲ್ಲಿಂದ ಲೇವಾದೇವಿಯ ಲೋಕವೇ ಬದಲಾಯಿತು ಅಂತ. ಆ ಗೆರೆ ಸುಳ್ಳಲ್ಲ. ಆದರೆ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಎಳೆದ ಗೆರೆ ಬ್ಲಾಕ್‌ಪಲ್ಲಿಯ ಗಲ್ಲಿಗೆ, ಹಲಸೂರಿನ ಕೇರಿಗೆ, ಕೆ.ಆರ್. ಪುರದ ಸಂತೆಮಾಳಕ್ಕೆ ಯಾವಾಗ ಬಂತು, ಬಂತೋ ಇಲ್ಲವೋ ಅನ್ನುವುದು ನಮ್ಮ ಪ್ರಶ್ನೆ.

ಮೊದಲು ದಂಡಿನ ಕತೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರ ಪಡೆ ಶ್ರೀರಂಗಪಟ್ಟಣದಲ್ಲಿ ಇರಲಾರದೆ 1809ರಲ್ಲಿ ಬೆಂಗಳೂರಿಗೆ ಬಂತು. ಪಡೆಯ ಖರ್ಚು ಮಾತ್ರ ಮೈಸೂರಿನದು. ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ. ಅಂದರೆ ಮೈಸೂರು ಸೀಮೆಯಲ್ಲಿ ರಾಗಿ ಬೆಳೆದವನು, ಆ ಹೊಲದಲ್ಲಿ ಕಳೆ ಕಿತ್ತವಳು, ಎಲ್ಲರ ಬೆವರಿನ ಪಾಲೂ ಈ ದಂಡಿಗೆ ಹೋಯಿತು. ಪಡೆಯ ಹಿಂದೆ ತಮಿಳು ಸೀಮೆಯಿಂದ ಜನ ಬಂದರು. ಸಾಪರ್ಸ್ ಪಡೆಯ ಸಿಪಾಯಿಗಳು, ಕುದುರೆ ನೋಡುವವರು, ಅಡಿಗೆ ಬಟ್ಲರುಗಳು, ಆಯಾಗಳು, ಚಮ್ಮಾರರು, ಕಕ್ಕಸು ಬಳಿಯುವವರು. ಇವರಲ್ಲಿ ಬಹಳ ಮಂದಿ ನಮ್ಮವರೇ. ಹಳ್ಳಿಯಲ್ಲಿ ಬಾವಿ ಮುಟ್ಟಗೊಡದವರ ಕೈಯಿಂದ ತಪ್ಪಿಸಿಕೊಂಡು ದೊರೆಯ ಬಂಗಲೆಯ ಹಿತ್ತಿಲಿಗೆ ಬಂದವರು. ದಂಡು ಅವರಿಗೆ ಸ್ವರ್ಗ ಆಗಲಿಲ್ಲ. ಆದರೆ ತಿಂಗಳಿಗೊಮ್ಮೆ ನಗದು ಸಂಬಳ ಅನ್ನುವುದೊಂದು ಕೈಗೆ ಬಂತು. ಕಾಳು ಕೊಟ್ಟು ದುಡಿಸಿಕೊಳ್ಳುವ ಊರಿನಿಂದ ಬಂದವನಿಗೆ ನಗದು ಸಣ್ಣ ಸಂಗತಿಯಲ್ಲ.

ಈ ನಗದು ಮೊದಲನೇ ವಾರದಲ್ಲೇ ಖಾಲಿಯಾಗುತ್ತಿತ್ತು. ಆಮೇಲೆ ಸಾಲ. ಸಾಲಕ್ಕೆ ಗಿರವಿ ಅಂಗಡಿ. ಬಡ್ಡಿಯ ದರ ಎಲ್ಲರ ಬಾಯಲ್ಲೂ ಇದ್ದದ್ದೇ: ರೂಪಾಯಿಗೆ ತಿಂಗಳಿಗೆ ಒಂದಾಣೆ. ಕೇಳುವುದಕ್ಕೆ ಚಿಲ್ಲರೆ ಕಾಸು. ಸ್ಲೇಟು ಹಿಡಿದು ಲೆಕ್ಕ ಹಾಕಿ ನೋಡಿ, ಮೇಷ್ಟ್ರುಗಳು ತರಗತಿಯಲ್ಲಿ ಹಾಕಿಸಬೇಕಾದ ಲೆಕ್ಕ ಇದು. ರೂಪಾಯಿಗೆ ಹದಿನಾರಾಣೆ. ತಿಂಗಳಿಗೆ ಒಂದಾಣೆ ಅಂದರೆ ಶೇಕಡಾ ಆರೂಕಾಲು. ವರ್ಷಕ್ಕೆ ಶೇಕಡಾ 75. ಹದಿನಾರು ತಿಂಗಳಲ್ಲಿ ಬಡ್ಡಿಯೇ ಅಸಲಿನಷ್ಟಾಗುತ್ತದೆ, ಅಸಲು ಹಾಗೇ ಕೂತಿರುತ್ತದೆ.

ಅದೇ ದಂಡಿನಲ್ಲಿ ಬ್ಯಾಂಕೂ ಇತ್ತು. 1860ರ ದಶಕದಲ್ಲೇ ಬ್ಯಾಂಕ್ ಆಫ್ ಮದ್ರಾಸ್ ಇಲ್ಲಿಗೆ ಬಂತು. 1921ರ ಜನವರಿಯಲ್ಲಿ ಬಂಗಾಳ, ಬೊಂಬಾಯಿ, ಮದ್ರಾಸಿನ ಮೂರೂ ಪ್ರೆಸಿಡೆನ್ಸಿ ಬ್ಯಾಂಕುಗಳು ಕೂಡಿ ಇಂಪೀರಿಯಲ್ ಬ್ಯಾಂಕ್ ಆದವು. ಈ ಬ್ಯಾಂಕು ಯಾರಿಗೆ ಸಾಲ ಕೊಡುತ್ತಿತ್ತು? ಸರ್ಕಾರಿ ಪತ್ರ ಇದ್ದವನಿಗೆ, ಗೋದಾಮಿನಲ್ಲಿ ಮಾಲು ಇದ್ದವನಿಗೆ, ಹುಂಡಿಯ ಹಿಂದೆ ಎರಡು ದೊಡ್ಡ ಸಹಿ ಇದ್ದವನಿಗೆ. ಸಹಿ ಅಂದರೆ ಅಕ್ಷರ, ಅಕ್ಷರ ಅಂದರೆ ಜಾತಿ. ಬಾಗಿಲಲ್ಲಿ 'ಹೊಲೆಮಾದಿಗರಿಗೆ ಪ್ರವೇಶವಿಲ್ಲ' ಅಂತ ಬೋರ್ಡು ಹಾಕಬೇಕಾದ ಅಗತ್ಯವೇ ಇರಲಿಲ್ಲ.

ನಮ್ಮವರ ಪಾಲಿಗೆ ನಿಜವಾದ ಬ್ಯಾಂಕು ಅಂಚೆ ಕಚೇರಿ. 1882ರಲ್ಲಿ ಅಂಚೆ ಉಳಿತಾಯ ಬ್ಯಾಂಕ್ ಶುರುವಾಯಿತು. ಚಿಲ್ಲರೆ ಕಾಸನ್ನೂ ಬೇಡವೆನ್ನದೆ ತೆಗೆದುಕೊಳ್ಳುತ್ತಿತ್ತು. ಆದರೆ ಅದು ತೆಗೆದುಕೊಳ್ಳುತ್ತಿತ್ತೇ ಹೊರತು ಸಾಲ ಕೊಡುತ್ತಿರಲಿಲ್ಲ. ನಾವು ಉಳಿಸಿದ್ದು ಸರ್ಕಾರಕ್ಕೆ, ನಾವು ಸಾಲ ಮಾಡುವುದು ಗಿರವಿ ಅಂಗಡಿಯಲ್ಲಿ. ಈ ವಿಚಿತ್ರ ಇವತ್ತಿಗೂ ಪೂರ್ತಿ ಹೋಗಿಲ್ಲ.

ಕಬ್ಬನ್ ಪಾರ್ಕಿನ ಆಚೆ ಇನ್ನೊಂದು ಬೆಂಗಳೂರು. ಅದು ಮಹಾರಾಜರದ್ದು. ಅಲ್ಲಿ 1913ರ ಅಕ್ಟೋಬರ್ 2ರಂದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬ್ಯಾಂಕ್ ಆಫ್ ಮೈಸೂರ್ ಶುರುವಾಯಿತು. ಉದ್ಯಮಕ್ಕೆ ಬಂಡವಾಳ ಬೇಕು, ಬಿಳಿಯರ ಬ್ಯಾಂಕನ್ನೇ ಕಾಯುತ್ತಾ ಕೂರಬಾರದು ಅನ್ನುವುದು ಅವರ ವಾದ. ವಾದ ಸರಿಯಾದದ್ದೇ. ಆದರೆ ಆ ಉದ್ಯಮದ ಮೇಜಿನ ಮುಂದೆ ಯಾರು ಕೂರಬೇಕು ಅನ್ನುವ ಪ್ರಶ್ನೆಯನ್ನು ಬ್ರಾಹ್ಮಣೇತರರು ಎತ್ತಿದಾಗ ಅದೇ ದಿವಾನರು ಪ್ರತಿಭೆಯ ಮಾತಾಡಿದರು. ಮಿಲ್ಲರ್ ಸಮಿತಿ ನೇಮಕವಾದ 1918ರಲ್ಲೇ ದಿವಾನಗಿರಿ ಬಿಟ್ಟರು. ಬ್ಯಾಂಕಿನ ಚರಿತ್ರೆಯಲ್ಲಿ ಇದನ್ನು ಸೇರಿಸಿ ಓದಬೇಕು ಅಂತ ನಮ್ಮ ಅಭಿಪ್ರಾಯ.

ಆ ಕಾಲದ ಬ್ಯಾಂಕುಗಳ ದೊಡ್ಡ ರೋಗ ಯಾವುದು ಅಂದರೆ, ಅವು ಮುಳುಗುತ್ತಿದ್ದವು. 1906ರ ಅಕ್ಟೋಬರ್‌ನಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪನಿ ಬಾಗಿಲು ಹಾಕಿತು. ಗೋರಾ ಕಂಪನಿ, ಅಲುಗಾಡದು ಅಂತ ನಂಬಿ ದಕ್ಷಿಣದ ಎಷ್ಟೋ ಜನ ನೌಕರರು, ಪಿಂಚಣಿದಾರರು ಅಲ್ಲಿ ದುಡ್ಡಿಟ್ಟಿದ್ದರು. ಯಜಮಾನ ಜೈಲಿಗೆ ಹೋದ, ದುಡ್ಡು ಮಣ್ಣುಪಾಲಾಯಿತು. ಒಂದು ಬ್ಯಾಂಕು ನಡುಗಿದಾಗ ಅದನ್ನು ಹಿಡಿದು ನಿಲ್ಲಿಸುವ ಇನ್ನೊಂದು ಬ್ಯಾಂಕು ದೇಶದಲ್ಲಿ ಇರಲಿಲ್ಲ. ಬಡ್ಡಿಯ ದರಕ್ಕೂ ಸ್ಥಿರತೆ ಇಲ್ಲ. ಸುಗ್ಗಿಯಲ್ಲಿ ವ್ಯಾಪಾರಿಗಳಿಗೆ ದುಡ್ಡು ಬೇಕಾದಾಗ ಬ್ಯಾಂಕಿನ ದರ ಎಂಟಕ್ಕೋ ಒಂಬತ್ತಕ್ಕೋ ಏರುತ್ತಿತ್ತು, ಮಳೆಗಾಲದಲ್ಲಿ ನಾಲ್ಕಕ್ಕೆ ಇಳಿಯುತ್ತಿತ್ತು. ನೋಟು ಅಚ್ಚು ಹಾಕುವುದು ಸರ್ಕಾರ, ಸಾಲದ ದರ ಹೇಳುವುದು ಇಂಪೀರಿಯಲ್ ಬ್ಯಾಂಕು. ಎರಡು ಕೈಗಳಿಗೂ ಒಂದು ತಲೆ ಇರಲಿಲ್ಲ.

ಇಲ್ಲಿ ಬಾಬಾಸಾಹೇಬರ ಮಾತು ಬರುತ್ತದೆ. ನಮ್ಮ ಸಭೆಗಳಲ್ಲಿ ಭಾಷಣಕಾರರು 'ರಿಸರ್ವ್ ಬ್ಯಾಂಕ್ ಕಟ್ಟಿದ್ದೇ ಅಂಬೇಡ್ಕರ್' ಅಂತ ಮೇಜು ಕುಟ್ಟಿ ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಅದನ್ನು ಹಾಗೇ ಹೇಳಿಬಿಟ್ಟರೆ ಅವರು ನಿಜಕ್ಕೂ ಏನು ಹೇಳಿದರು ಅನ್ನುವುದು ಚಪ್ಪಾಳೆಯಲ್ಲಿ ಮುಚ್ಚಿಹೋಗುತ್ತದೆ. ನಡೆದದ್ದು ಇದು. 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತ ಅವರ ಗ್ರಂಥ ಲಂಡನ್ನಿನಲ್ಲಿ ಬಂತು. 1925ರಲ್ಲಿ ಹಿಲ್ಟನ್ ಯಂಗ್ ಅಧ್ಯಕ್ಷತೆಯ ರಾಯಲ್ ಕಮಿಷನ್ ಹಣಕಾಸಿನ ವಿಚಾರಣೆಗೆ ಬಂದಾಗ ಅದರ ಮುಂದೆ ಸಾಕ್ಷ್ಯ ಹೇಳಿದರು. 1926ರಲ್ಲಿ ಕಮಿಷನ್ ಕೇಂದ್ರ ಬ್ಯಾಂಕು ಬೇಕು ಅಂತ ವರದಿ ಕೊಟ್ಟಿತು. 1934ರಲ್ಲಿ ಕಾಯಿದೆ, 1935ರಲ್ಲಿ ಬ್ಯಾಂಕು. ಕಮಿಷನ್ನಿನ ಮುಂದೆ ಅನೇಕರು ಹೇಳಿದರು, ಅವರಲ್ಲಿ ಬಾಬಾಸಾಹೇಬರೂ ಒಬ್ಬರು.

ಆದರೆ ಅವರು ಹೇಳಿದ್ದರಲ್ಲಿ ಬೇರೆಯವರು ಅಷ್ಟು ಒತ್ತಿ ಹೇಳದ ಒಂದು ಮಾತಿತ್ತು. ಬೊಂಬಾಯಿಯ ವ್ಯಾಪಾರಿಗಳು ರೂಪಾಯಿಯ ಬೆಲೆ ಇಳಿಸಿ, ರಫ್ತಿಗೆ ಲಾಭ ಅಂತ ಕೂಗುತ್ತಿದ್ದರು. ಅದನ್ನು ದೇಶಭಕ್ತಿ ಅಂತಲೂ ಕರೆಯುತ್ತಿದ್ದರು. ಅಂಬೇಡ್ಕರ್ ಕೇಳಿದ್ದು, ಲಾಭ ಯಾರಿಗೆ? ರೂಪಾಯಿ ಸೊರಗಿದರೆ ಸಾಮಾನಿನ ಬೆಲೆ ಏರುತ್ತದೆ. ಬೆಲೆ ಏರಿದಷ್ಟು ಬೇಗ ಕೂಲಿ ಏರುವುದಿಲ್ಲ. ಆ ಎರಡರ ನಡುವಿನ ಅಂತರವೇ ವ್ಯಾಪಾರಿಯ ಲಾಭ, ಅದು ಕೂಲಿಯವನ ಹೊಟ್ಟೆಯಿಂದ ಕಿತ್ತದ್ದು. ಅದಕ್ಕೇ, ನೋಟು ಅಚ್ಚು ಹಾಕುವವನ ಕೈಗೆ ಕಟ್ಟುನಿಟ್ಟಾದ ಮಿತಿ ಇರಬೇಕು ಅಂದರು. ಅಕ್ಕಿಯ ಬೆಲೆ ಮತ್ತು ದಿನಗೂಲಿಯ ನಡುವೆ ಬದುಕುವ ಜನರೊಳಗಿಂದ ಬಂದವನಿಗೆ ಮಾತ್ರ ರೂಪಾಯಿ ಹೀಗೆ ಕಾಣುತ್ತದೆ. 'ಬ್ಯಾಂಕು ಕಟ್ಟಿದರು' ಅನ್ನುವುದಕ್ಕಿಂತ ಇದು ದೊಡ್ಡದು ಅಂತ ನಮಗನ್ನಿಸುತ್ತದೆ.

ಸರಿ, ರಿಸರ್ವ್ ಬ್ಯಾಂಕ್ ಬಂತು. (ರಿಸರ್ವ್ ಅನ್ನುವ ಪದ ಕೇಳಿ, ಇದೂ ಮೀಸಲಾತಿಯದ್ದೇ ಇರಬೇಕು ಅಂತ ನಮ್ಮೂರಿನ ಹಿರಿಯರೊಬ್ಬರು ಆಸೆಪಟ್ಟಿದ್ದರು. ಮೀಸಲೇನೋ ಹೌದು, ಯಾರಿಗೆ ಅನ್ನುವುದಷ್ಟೇ ಬೇರೆ.) ಏನು ಬದಲಾಯಿತು? ನೋಟು ಹೊರಡಿಸುವ ಅಧಿಕಾರ ಅದಕ್ಕೆ ಹೋಯಿತು. 1938ರ ಜನವರಿಯಲ್ಲಿ ಅದರ ಮೊದಲ ಐದು ರೂಪಾಯಿ ನೋಟು ಬಂತು. ಐದು ಲಕ್ಷಕ್ಕೆ ಕಡಿಮೆಯಿಲ್ಲದ ಬಂಡವಾಳ ಮತ್ತು ಮೀಸಲು ನಿಧಿ ಇರುವ ಬ್ಯಾಂಕುಗಳನ್ನು ಷೆಡ್ಯೂಲಿಗೆ ಸೇರಿಸಿ, ಅವುಗಳ ಕೇಳಿದಾಗ ಕೊಡಬೇಕಾದ ಠೇವಣಿಯ ಶೇಕಡಾ 5, ಅವಧಿ ಠೇವಣಿಯ ಶೇಕಡಾ 2 ಪಾಲನ್ನು ತನ್ನ ಹತ್ತಿರ ಇಡಿಸಿಕೊಂಡಿತು. ಕಷ್ಟ ಬಂದಾಗ ಆ ಬ್ಯಾಂಕುಗಳಿಗೆ ಸಾಲ ಕೊಡುವ ಬಾಗಿಲೂ ತೆರೆಯಿತು. ಸುಗ್ಗಿಯಲ್ಲಿ ಏರಿ ಮಳೆಯಲ್ಲಿ ಇಳಿಯುತ್ತಿದ್ದ ದರಕ್ಕೆ ಮೂಗುದಾರ ಬಿತ್ತು. 1935ರ ನವೆಂಬರಿನಲ್ಲಿ ಬ್ಯಾಂಕ್ ದರ ಶೇಕಡಾ 3 ಆಯಿತು, 1951ರ ನವೆಂಬರಿನವರೆಗೆ, ಹದಿನಾರು ವರ್ಷ, ಮಹಾಯುದ್ಧದ ನಡುವೆಯೂ ಅಲ್ಲೇ ನಿಂತಿತು.

ಆ ಹದಿನಾರು ವರ್ಷ ಬ್ಲಾಕ್‌ಪಲ್ಲಿಯಲ್ಲಿ ದರ ಎಷ್ಟು? ರೂಪಾಯಿಗೆ ಒಂದಾಣೆ. ನೂರು ರೂಪಾಯಿಗೆ ಅಲ್ಲಿ ವರ್ಷಕ್ಕೆ ಮೂರು, ಇಲ್ಲಿ ಎಪ್ಪತ್ತೈದು. ಒಂದೇ ನೋಟು, ಅದೇ ದೊರೆಯ ತಲೆ, ನಡುವೆ ನಡೆದು ಹೋದರೆ ಅರ್ಧ ಗಂಟೆಯ ದಾರಿ.

ಕಾವಲುಗಾರನಾಗಿಯೂ ರಿಸರ್ವ್ ಬ್ಯಾಂಕ್ ಮೊದಮೊದಲು ಅಷ್ಟಕ್ಕಷ್ಟೆ. 1938ರ ಜೂನ್‌ನಲ್ಲಿ ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಮುಳುಗಿದಾಗ ಕೈ ಹಿಡಿಯಲಿಲ್ಲ. ದಕ್ಷಿಣದಲ್ಲೆಲ್ಲ ಠೇವಣಿದಾರರು ಬೀದಿಗೆ ಬಂದರು. 1949ರ ಜನವರಿ 1ರಂದು ರಿಸರ್ವ್ ಬ್ಯಾಂಕೇ ಸರ್ಕಾರದ್ದಾಯಿತು, ಅದೇ ವರ್ಷ ಬ್ಯಾಂಕುಗಳ ಮೇಲೆ ಲಗಾಮು ಹಾಕುವ ಕಾಯಿದೆ ಬಂತು. ಅಷ್ಟರಲ್ಲಿ, 1947ರ ಜುಲೈನಲ್ಲಿ, ದಂಡು ಪ್ರದೇಶ ಮೈಸೂರಿಗೆ ವಾಪಸಾಗಿತ್ತು. ಇಷ್ಟಾದರೂ 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿದಾಗ ಮತ್ತೆ ಅದೇ ಗೋಳು. ಆಮೇಲೆ 1962ರ ಜನವರಿಯಿಂದ ಠೇವಣಿ ವಿಮೆ ಬಂತು. ಒಬ್ಬನಿಗೆ 1500 ರೂಪಾಯಿವರೆಗೆ ಖಾತ್ರಿ. ಈಗ ಅದು 5 ಲಕ್ಷ, 2020ರಿಂದ. ಬ್ಯಾಂಕಿನಲ್ಲಿ ಇಟ್ಟ ದುಡ್ಡು ವಾಪಸು ಬರುತ್ತದೆ ಅನ್ನುವ ನಂಬಿಕೆ ಒಂದು ದೊಡ್ಡ ಬದಲಾವಣೆ. ನಾವು ಅದನ್ನು ಹಗುರ ಮಾಡುವುದಿಲ್ಲ. ಆದರೆ ಅದು ಇಟ್ಟವನಿಗೆ ಸಿಕ್ಕ ರಕ್ಷಣೆ. ಇಡಲು ಇಲ್ಲದವನ ಕತೆ ಏನು?

ಆ ಕತೆಯನ್ನು ರಿಸರ್ವ್ ಬ್ಯಾಂಕೇ ಒಮ್ಮೆ ಪ್ರಾಮಾಣಿಕವಾಗಿ ಬರೆಸಿತು. 1951-52ರಲ್ಲಿ ದೇಶದ ಹಳ್ಳಿಗಳಲ್ಲಿ ಸಾಲದ ಸಮೀಕ್ಷೆ ಮಾಡಿಸಿ 1954ರಲ್ಲಿ ವರದಿ ಹೊರತಂದಿತು. ಸಾಗುವಳಿದಾರರು ಮಾಡಿದ ನೂರು ರೂಪಾಯಿ ಸಾಲದಲ್ಲಿ ಸುಮಾರು ಎಪ್ಪತ್ತು ರೂಪಾಯಿ ಲೇವಾದೇವಿಯವರದ್ದು. ಸಹಕಾರ ಸಂಘಗಳದ್ದು ಮೂರು ರೂಪಾಯಿ ಚಿಲ್ಲರೆ, ಸರ್ಕಾರದ್ದೂ ಅಷ್ಟೆ. ವಾಣಿಜ್ಯ ಬ್ಯಾಂಕುಗಳದ್ದು? ಒಂದು ರೂಪಾಯಿಯೂ ಇಲ್ಲ, 90 ಪೈಸೆ. ಕೇಂದ್ರ ಬ್ಯಾಂಕು ಹುಟ್ಟಿ ಹದಿನಾರು ವರ್ಷವಾದ ಮೇಲಿನ ಲೆಕ್ಕ ಇದು. ಅದೂ ಹೊಲ ಇದ್ದವರ ಲೆಕ್ಕ. ಹೊಲವೇ ಇಲ್ಲದ ನಮ್ಮವರನ್ನು ಈ ನೂರು ರೂಪಾಯಿಯೊಳಗೆ ಹುಡುಕಬೇಡಿ.

ದಂಡಿನ ಪೂರ್ವಕ್ಕೆ ಅಷ್ಟರಲ್ಲಿ ಕಾರ್ಖಾನೆಗಳು ಬಂದಿದ್ದವು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಕೆ.ಆರ್. ಪುರದ ದಾರಿಯಲ್ಲಿ ಟೆಲಿಫೋನ್ ಕಾರ್ಖಾನೆ, ಆಮೇಲೆ ಬೈಯಪ್ಪನಹಳ್ಳಿಯಲ್ಲಿ ಈಗ ಮುಚ್ಚಿಹೋಗಿರುವ ಎನ್‌ಜಿಇಎಫ್. ನಮ್ಮ ಹುಡುಗರಲ್ಲಿ ಕೆಲವರಿಗೆ ಅಲ್ಲಿ ಕೆಲಸ ಸಿಕ್ಕಿತು. ಕಾರ್ಖಾನೆಯ ಗುರುತಿನ ಚೀಟಿ ಇದ್ದವನಿಗೆ ನೌಕರರ ಸಹಕಾರ ಸಂಘದಲ್ಲಿ ಸಾಲ ಸಿಗುತ್ತಿತ್ತು. ಕೇರಿಯಲ್ಲಿ ಅಂಥವನೊಬ್ಬ ಇದ್ದರೆ ಮದುವೆ, ಸಾವು, ಆಸ್ಪತ್ರೆ ಎಲ್ಲಕ್ಕೂ ಅವನ ಹೆಸರಿನಲ್ಲೇ ಸಾಲ. ಒಬ್ಬನ ಸಂಬಳದ ಮೇಲೆ ಇಪ್ಪತ್ತು ಮನೆ ಉಸಿರಾಡುತ್ತಿದ್ದವು.

ಉಳಿದವರದ್ದು ಚೀಟಿ. ಓದುಗರಲ್ಲಿ ಬಹಳ ಮಂದಿಗೆ ಗೊತ್ತು, ಆದರೂ ಬರೆಯುತ್ತೇವೆ, ಯಾಕೆಂದರೆ ಇದನ್ನು ಬ್ಯಾಂಕಿನ ಚರಿತ್ರೆಯಲ್ಲಿ ಯಾರೂ ಬರೆಯುವುದಿಲ್ಲ. ಇಪ್ಪತ್ತು ಜನ, ತಿಂಗಳಿಗೆ ನೂರು ರೂಪಾಯಿ, ಒಟ್ಟು ಎರಡು ಸಾವಿರ. ಅವತ್ತು ತೀರಾ ಗರಜು ಇದ್ದವಳು ನಾನೂರು ಬಿಟ್ಟು ಸಾವಿರದ ಆರುನೂರಕ್ಕೆ ಚೀಟಿ ಎತ್ತುತ್ತಾಳೆ. ಬಿಟ್ಟ ನಾನೂರರಲ್ಲಿ ನಡೆಸುವವಳಿಗೆ ನೂರು, ಉಳಿದ ಮುನ್ನೂರು ಇಪ್ಪತ್ತು ಜನರಿಗೆ ತಲಾ ಹದಿನೈದು. ಬಡವಿಯ ಗರಜೇ ಇನ್ನೊಬ್ಬ ಬಡವಿಗೆ ಬಡ್ಡಿ. ಕ್ರೂರವೇ ಸರಿ, ಆದರೆ ದುಡ್ಡು ಗಲ್ಲಿ ಬಿಟ್ಟು ಹೋಗುವುದಿಲ್ಲ. ಮರ್ಫಿ ಟೌನಿನಲ್ಲಿ, ಹಲಸೂರಿನಲ್ಲಿ ಸಹಿ ಬಾರದ ಹೆಂಗಸರು ಇದನ್ನು ನಲವತ್ತು ವರ್ಷ ನಡೆಸಿ ಒಂದು ಕಾಸು ತಪ್ಪದೆ ಲೆಕ್ಕ ಕೊಟ್ಟಿರುವುದನ್ನು ನಾವು ನೋಡಿದ್ದೇವೆ. ಓಡಿಹೋದವರನ್ನೂ ನೋಡಿದ್ದೇವೆ.

ಗೆರೆ ನಮ್ಮ ಗಲ್ಲಿಗೆ ಬಂದದ್ದು 1969ರಲ್ಲಿ, ಅದೂ ಬೆಂಗಳೂರಿನ ಮೂಲಕವೇ. ಆ ವರ್ಷ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿ ಸೇರಿತ್ತು. ಇಂದಿರಾ ಗಾಂಧಿ ಒಂದು ಟಿಪ್ಪಣಿ ಕಳಿಸಿ ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣದ ಮಾತೆತ್ತಿದರು. ಒಳಜಗಳದ ರಾಜಕೀಯ ಅದರಲ್ಲಿತ್ತು, ಇಲ್ಲ ಅನ್ನೋದಿಲ್ಲ. ಜುಲೈ 19ರಂದು ಸುಗ್ರೀವಾಜ್ಞೆ ಬಂತು, 14 ಬ್ಯಾಂಕುಗಳು ಸರ್ಕಾರದ್ದಾದವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಅದರಲ್ಲಿದ್ದವು. 1980ರ ಏಪ್ರಿಲ್‌ನಲ್ಲಿ ವಿಜಯಾ, ಕಾರ್ಪೊರೇಷನ್ ಸೇರಿ ಇನ್ನೂ ಆರು. 1969ರಲ್ಲಿ ದೇಶದಲ್ಲಿ ಇದ್ದ ಬ್ಯಾಂಕ್ ಶಾಖೆಗಳು 8,262. 1991ರ ಹೊತ್ತಿಗೆ ಸುಮಾರು 60 ಸಾವಿರ. 1977ರಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ಮಾಡಿತು: ಬ್ಯಾಂಕು ಇರುವ ಊರಿನಲ್ಲಿ ಒಂದು ಶಾಖೆ ಬೇಕಾದರೆ ಇಲ್ಲದ ಊರುಗಳಲ್ಲಿ ನಾಲ್ಕು ತೆರೆಯಬೇಕು. ರಿಸರ್ವ್ ಬ್ಯಾಂಕಿನ ಚರಿತ್ರೆಯಲ್ಲಿ ನಮಗೆ ಹಿಡಿಸುವ ನಿಯಮ ಒಂದಿದ್ದರೆ ಅದು ಇದೇ. 1990ರಲ್ಲಿ ಅದನ್ನು ತೆಗೆದುಹಾಕಿದರು.

1972ರಲ್ಲಿ ಶೇಕಡಾ 4ರ ಬಡ್ಡಿಯ ಸಾಲ ಬಂತು. ವರ್ಷಕ್ಕೆ ನಾಲ್ಕು! ಅಡಮಾನ ಬೇಡ, ಜಾಮೀನು ಬೇಡ, ಕಡುಬಡವನಾದರೆ ಸಾಕು. ಬ್ಯಾಂಕು ಹಿಂದಿನ ವರ್ಷ ಕೊಟ್ಟ ಒಟ್ಟು ಸಾಲದಲ್ಲಿ ನೂರಕ್ಕೆ ಒಂದು ರೂಪಾಯಿ ಇದಕ್ಕೆ, ಆ ಒಂದರಲ್ಲಿ ಪರಿಶಿಷ್ಟರಿಗೆ ನಲವತ್ತು ಪೈಸೆ. ನೂರು ರೂಪಾಯಿಗೆ ನಲವತ್ತು ಪೈಸೆ ಅಂದರೆ ಏನು ಅಂತ ನೀವೇ ನೋಡಿ. ಆ ನಲವತ್ತು ಪೈಸೆಗೂ ಮೇಲಿನವರು ಬ್ಯಾಂಕು ಮುಳುಗಿತು ಅಂತ ಎದೆ ಬಡಿದುಕೊಂಡರು.

ನಮ್ಮಲ್ಲೊಬ್ಬರ ತಂದೆ ಶಿವಾಜಿನಗರದ ಬಸ್ ನಿಲ್ದಾಣದ ಹತ್ತಿರ ಮೆಟ್ಟು ಹೊಲೆಯುತ್ತಿದ್ದರು. ಈ ಸಾಲದ ಸುದ್ದಿ ಕೇಳಿ, ಮಗನ ಕೈಯಲ್ಲಿ ಅರ್ಜಿ ಬರೆಸಿಕೊಂಡು, ಶುಭ್ರ ಷರಟು ಹಾಕಿಕೊಂಡು ಒಂದು ಬ್ಯಾಂಕಿಗೆ ಹೋದರು. ಯಾವ ಬ್ಯಾಂಕು ಅನ್ನುವುದು ಇಲ್ಲಿ ಬೇಡ. ಮ್ಯಾನೇಜರು ಕೂರು ಅನ್ನಲಿಲ್ಲ. ಜಾಮೀನು ಬೇಡ ಅಂತ ನಿಯಮದಲ್ಲಿದ್ದರೂ 'ಸರ್ಕಾರಿ ನೌಕರನ ಜಾಮೀನು ತಾ' ಅಂದರು. ಮೂರು ಸಾರಿ ಓಡಾಡಿಸಿದರು. ನಾಲ್ಕನೇ ಸಾರಿ ಸಂಘದ ಹುಡುಗರು ಐದಾರು ಜನ ಜೊತೆಗೆ ಹೋದರು, ಸುತ್ತೋಲೆಯ ಪ್ರತಿ ಹಿಡಿದುಕೊಂಡು. ಸಾಲ ಸಿಕ್ಕಿತು. ಆ ದುಡ್ಡಿನಲ್ಲಿ ಒಂದು ಹೊಲಿಗೆ ಯಂತ್ರ ಬಂತು, ಅದನ್ನು ಎರಡು ವರ್ಷದಲ್ಲಿ ತೀರಿಸಿದರು. ಪಾಸ್ ಪುಸ್ತಕ ಈಗಲೂ ಅವರ ಮನೆಯಲ್ಲಿದೆ.

ಅದೇ ಹೊತ್ತಿಗೆ ದೇವರಾಜ ಅರಸರ ಸರ್ಕಾರ 1976ರ ಋಣಪರಿಹಾರ ಕಾಯಿದೆ ತಂದಿತು. ದುರ್ಬಲರ ಸಾಲ ರದ್ದು, ಗಿರವಿ ಇಟ್ಟ ವಸ್ತು ವಾಪಸು. ತಾಲಿಯನ್ನೂ ತಾಮ್ರದ ಹಂಡೆಯನ್ನೂ ಬಿಡಿಸಿಕೊಂಡು ಬಂದವರು ಇದ್ದರು. ಅಂಗಡಿ ಬಾಗಿಲು ಹಾಕಿ ಮಾಯವಾದವರೂ ಇದ್ದರು. ಕೊಡುವವನು ಹೋದ, ಬ್ಯಾಂಕು ಇನ್ನೂ ಪೂರ್ತಿ ಬಂದಿರಲಿಲ್ಲ. ಆ ನಡುವಿನ ತಿಂಗಳುಗಳಲ್ಲಿ ಕಾಯಿಲೆ ಬಿದ್ದವರಿಗೆ ಸಾಲ ಹುಟ್ಟಲಿಲ್ಲ ಅನ್ನುವುದನ್ನೂ ಹೇಳಬೇಕು. ಕಾಯಿದೆ ತಪ್ಪು ಅಂತಲ್ಲ, ಕಾಯಿದೆಯ ಜೊತೆಗೇ ಬ್ಯಾಂಕಿನ ಬಾಗಿಲು ತೆರೆಯಬೇಕಿತ್ತು.

1991ರ ನಂತರ ಗಾಳಿ ತಿರುಗಿತು. ನಾಲ್ಕರ ಬಡ್ಡಿಯ ಯೋಜನೆ ಕಾಗದದ ಮೇಲೆ ಉಳಿಯಿತು. ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿಗಳ ನಡುವೆ ಬ್ಯಾಂಕು ರಾಷ್ಟ್ರೀಕರಿಸಿದ ಅದೇ ಇಂದಿರಾ ಹೆಸರಿನಲ್ಲಿ ಎದ್ದ ಬಡಾವಣೆಗೆ ಹೋಗಿ ನೋಡಿ. ನೂರಡಿ ರಸ್ತೆಯಲ್ಲಿ ಹೆಜ್ಜೆಗೊಂದು ಬ್ಯಾಂಕು. ಹಿಂದಿನ ಸಾಲಿನಲ್ಲಿ ಮನೆಗೆಲಸದ ಹೆಂಗಸರು ಕಿರುಸಾಲ ಕಂಪನಿಯ ವಾರದ ಕಂತಿಗೆ ಗುಂಪು ಕೂತಿರುತ್ತಾರೆ. 2011ರಲ್ಲಿ ರಿಸರ್ವ್ ಬ್ಯಾಂಕ್ ಈ ಕಂಪನಿಗಳ ಬಡ್ಡಿಗೆ ಶೇಕಡಾ 26ರ ಮಿತಿ ಹಾಕಿತು, 2022ರಲ್ಲಿ ಅದನ್ನೂ ತೆಗೆಯಿತು. ವಸೂಲಿಗಾರರ ಕಾಟಕ್ಕೆ ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿ ಹೆಚ್ಚಿದಾಗ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಬ್ಯಾಂಕ್ ಆಫ್ ಮೈಸೂರ್‌ನ ವಾರಸುದಾರ 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಕರಗಿತು. ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಹೆಸರುಗಳೂ 2020ರ ಹೊತ್ತಿಗೆ ಇಲ್ಲವಾದವು.

ಇನ್ನು ಶಿವಾಜಿನಗರ. 2006ರಲ್ಲಿ ಶುರುವಾದ ಐಎಂಎ ಎಂಬ ಕಂಪನಿ ಲೇಡಿ ಕರ್ಜನ್ ರಸ್ತೆಯಲ್ಲಿ ಚಿನ್ನದಂಗಡಿ ಇಟ್ಟುಕೊಂಡು ಜನರಿಂದ ದುಡ್ಡು ತೆಗೆದುಕೊಂಡಿತು. ಇದು ಬಡ್ಡಿಯಲ್ಲ, ಲಾಭದ ಪಾಲು ಅಂದಿತು. ಬಡ್ಡಿ ಹರಾಮು ಅಂತ ಬ್ಯಾಂಕಿನಿಂದ ದೂರ ಉಳಿದಿದ್ದ ಬಡ ಮುಸ್ಲಿಂ ಮನೆಗಳು ಮಗಳ ಮದುವೆಯ ದುಡ್ಡು, ಆಟೋ ಮಾರಿದ ದುಡ್ಡು ಅಲ್ಲಿಟ್ಟವು. ಇದು ಬ್ಯಾಂಕಲ್ಲ, ಆದ್ದರಿಂದ ಠೇವಣಿ ವಿಮೆಯೂ ಇಲ್ಲ. ರಿಸರ್ವ್ ಬ್ಯಾಂಕ್ ರಾಜ್ಯದ ಅಧಿಕಾರಿಗಳಿಗೆ ಮೊದಲೇ ಎಚ್ಚರಿಕೆ ಕೊಟ್ಟಿತ್ತು. ಎಚ್ಚರಿಕೆ ಕಡತದಿಂದ ಕಡತಕ್ಕೆ ಹೋಯಿತು, ರಸ್ತೆಗೆ ಬರಲಿಲ್ಲ. ಕಂಪನಿಗೆ ಅನುಕೂಲವಾಗುವ ವರದಿ ಕೊಟ್ಟ ಆರೋಪದ ಮೇಲೆ ಆಮೇಲೆ ಅಧಿಕಾರಿಗಳ ಬಂಧನವೂ ಆಯಿತು. 2019ರ ಜೂನ್‌ನಲ್ಲಿ ಕಂಪನಿ ಬಾಗಿಲು ಹಾಕಿತು, ಯಜಮಾನ ದೇಶ ಬಿಟ್ಟು ಹೋಗಿ ಜುಲೈನಲ್ಲಿ ದೆಹಲಿಯಲ್ಲಿ ಸಿಕ್ಕ. ಪೊಲೀಸರು ಹತ್ತಿರದ ಸಭಾಂಗಣದಲ್ಲಿ ಮೇಜು ಹಾಕಿ ದೂರು ಬರೆದುಕೊಂಡರು. ಹತ್ತಾರು ಸಾವಿರ ದೂರು. ಸಾಲಿನಲ್ಲಿ ನಿಂತವರಲ್ಲಿ ಬುರ್ಖಾ ಹಾಕಿದ ಮುದುಕಿಯರು, ಅವರ ಜೊತೆಗೆ ಅದೇ ಗಲ್ಲಿಯ ನಮ್ಮ ಹೆಂಗಸರೂ ಇದ್ದರು. ಅಕ್ಕಪಕ್ಕದ ಮನೆಯವರು ಹಾಕಿದ್ದಾರೆ ಅಂತ ತಾವೂ ಹಾಕಿದ್ದವರು. ಬರೆಯಲು ಬಾರದವರಿಗೆ ಕಾಲೇಜು ಹುಡುಗರು ನಿಂತಲ್ಲೇ ಅರ್ಜಿ ತುಂಬಿಕೊಟ್ಟರು. ಎಷ್ಟು ಅಂತ ಕೇಳಿದರೆ ಕೆಲವರು ಮೊತ್ತ ಹೇಳುತ್ತಿರಲಿಲ್ಲ, ಸೆರಗಿನಿಂದ ರಸೀದಿ ಬಿಚ್ಚಿ ಹುಡುಗರ ಕೈಗೆ ಕೊಡುತ್ತಿದ್ದರು.